ದೇವಯಾನಿಯ ಪಾಲು

ಪಾಲಾಗುವ ದಿನ ಹೊಸ್ತಿಲೊಳಗೆ ಏನೇನಿದೆಯೋ ಅಷ್ಟೂ ಅಂಗಳಕ್ಕೆ ಬರಬೇಕು. ಆ ಊರಿನಲ್ಲಿ ಹಿಂದಿನಿಂದ ನಡೆದುಕೊಂಡು ಬಂದ ಕಟ್ಟಳೆ ಅದು. ಒನಕೆ, ಮೊರ, ಜರಡಿ, ಹಿತ್ತಾಳೆ ಹಂಡೆ, ಹರಿದ ಕಂಬಳಿ, ಕೊನೆಗೆ ಅಡುಗೆಮನೆಯ ಸೌಟು ಕೂಡ. ಆದ್ದರಿಂದ ಅಪ್ಪಯ್ಯಣ್ಣ ತಮ್ಮನ ತಗಡಿನ ಪೆಟ್ಟಿಗೆಯನ್ನು ಕಣಜದ ಕೋಣೆಯಿಂದ ತಾನೇ ಹೊತ್ತು ತಂದು ಪಂಚರ ಮುಂದೆ ಇಟ್ಟಾಗ, ಅವನು ಮಾಡಿದ್ದು ತಪ್ಪು ಅಂತ ಯಾರೂ ಹೇಳುವ ಹಾಗಿರಲಿಲ್ಲ. ಇಟ್ಟ ಅನ್ನುವುದಕ್ಕಿಂತ ಕುಕ್ಕಿದ ಅನ್ನಬೇಕು. ಒಳಗೆ ಗಾಜು ಗಲಗಲ ಅಂದಿತು. ಜಗಲಿಯ ಮೇಲೆ ಕೂತಿದ್ದ ತಮ್ಮ ಗೋಪಾಲಪ್ಪ ತಟ್ಟನೆ ಎದ್ದು ನಿಂತ. ಅವನ ಮುಖ ಬಿಳಿಚಿಕೊಂಡದ್ದನ್ನು ನೋಡಿ ಅಪ್ಪಯ್ಯಣ್ಣನ ಹೊಟ್ಟೆ ತಣ್ಣಗಾಯಿತು.

ಗೋಪಾಲಪ್ಪ ಬೆಂಗಳೂರಿನ ಕಾಲೇಜೊಂದರಲ್ಲಿ ಭೌತಶಾಸ್ತ್ರ ಹೇಳಿಕೊಡುತ್ತಿದ್ದ. ಅದು ಸಾಲದು ಅಂತ ಆಕಾಶದ ಮೇಲೆ ಇನ್ನೊಂದು ದೊಡ್ಡ ಪದವಿಗೆ ಕೂತಿದ್ದ. ರಜೆ ಸಿಕ್ಕಾಗಲೆಲ್ಲ ರೈಲು ಹತ್ತಿ ತಮಿಳು ಸೀಮೆಯ ಒಂದು ಬೆಟ್ಟಕ್ಕೆ ಹೋಗಿ, ಅಲ್ಲಿಯ ದೂರದರ್ಶಕದಲ್ಲಿ ಗಾಜಿನ ಫಲಕದ ಮೇಲೆ ಚಿತ್ರ ಹಿಡಿದು ತರುತ್ತಿದ್ದ. ಅವನ ಬಾಡಿಗೆ ಕೋಣೆ ಸೋರುತ್ತಿತ್ತು. ಹೋದ ಮಳೆಗಾಲದಲ್ಲಿ ಪೆಟ್ಟಿಗೆಯನ್ನು ಊರಿಗೆ ತಂದು, ಕಣಜದ ಕೋಣೆ ಕತ್ತಲಾಗಿದೆ, ಒಣಗಿದೆ, ಇಲ್ಲೇ ಇರಲಿ ಅಂದಿದ್ದ. ಆಗ ಅಪ್ಪಯ್ಯಣ್ಣ ಎರಡನೇ ಮಾತಾಡದೆ ರಾಗಿ ಮೂಟೆಗಳನ್ನು ಸರಿಸಿ ಜಾಗ ಮಾಡಿಕೊಟ್ಟಿದ್ದ.

ಆಮೇಲೆ ದೊಡ್ಡಬಳ್ಳಾಪುರದಲ್ಲಿ ಆ ಮದುವೆ ನಡೆಯಿತು. ಊರಿನ ಆವಲಪ್ಪ ತನ್ನ ಮಗಳ ಮದುವೆಯನ್ನು ಅಲ್ಲಿಯ ಛತ್ರದಲ್ಲಿ ಮಾಡಿದ. ಊಟದ ಸಾಲಿನಲ್ಲಿ ಯಾರೋ ಬೀಗರು, ಅಪ್ಪಯ್ಯಣ್ಣ ತಾನು ಓದು ಬಿಟ್ಟು ತಮ್ಮನನ್ನು ಓದಿಸಿದ ಅಂತ ಹೊಗಳಿದರು. ಅದಕ್ಕೆ ಗೋಪಾಲಪ್ಪ ನಗುತ್ತಾ, ನನ್ನನ್ನು ಯಾರೂ ಓದಿಸಲಿಲ್ಲ, ಸ್ಕಾಲರ್‌ಶಿಪ್ಪಿನಲ್ಲಿ ಓದಿದವನು ನಾನು, ನನ್ನನ್ನು ನಾನೇ ಮಾಡಿಕೊಂಡೆ ಅಂದ. ಅದೇ ಸಾಲಿನ ತುದಿಯಲ್ಲಿ ಕೂತಿದ್ದ ಅಪ್ಪಯ್ಯಣ್ಣ ಪಾಯಸ ಬಡಿಸಲು ಬಂದವನಿಗೆ ಕೈ ಅಡ್ಡ ಹಿಡಿದು ಎದ್ದುಬಿಟ್ಟ. ಅಪ್ಪ ಸತ್ತ ವರ್ಷ ಶಾಲೆ ಬಿಟ್ಟು ನೇಗಿಲು ಹಿಡಿದವನು ಅವನು. ರಾಗಿಹಿಟ್ಟು, ಹುರುಳಿಕಾಳು, ಉಪ್ಪಿನಕಾಯಿ ಗಂಟು ಕಟ್ಟಿಕೊಂಡು ಸಾಸಲು ಊರಿನ ದಾರಿ ಹಿಡಿದು ದೊಡ್ಡಬಳ್ಳಾಪುರದ ಹಾಸ್ಟೆಲಿಗೆ ನಡೆದವನು. ಸ್ಕಾಲರ್‌ಶಿಪ್ಪಿನ ಕಾಗದ ಬರುವ ತನಕ ಆ ಹೊಟ್ಟೆಯನ್ನು ತುಂಬಿಸಿದ್ದು ಯಾವ ಸರ್ಕಾರ ಅಂತ ಅವನು ಅವತ್ತು ಕೇಳಲಿಲ್ಲ. ಯುಗಾದಿ ಕಳೆದು, ಬೆಂಗಳೂರಿನಲ್ಲಿ ಸೈಟು ಮಾಡಬೇಕು, ನನ್ನ ಪಾಲು ಕೊಡಲಿ ಅಂತ ಅದೇ ಆವಲಪ್ಪನ ಕೈಲಿ ತಮ್ಮ ಹೇಳಿಕಳಿಸಿದಾಗಲೂ ಕೇಳಲಿಲ್ಲ. ಪಾಲು ತಾನೇ, ತಗೊಳ್ಳಲಿ ಅಂದ. ಅವನಿಗೆ ಬೇಕಾಗಿದ್ದದ್ದು ಒಂದೇ: ಛತ್ರದಲ್ಲಿ ಆಡಿದ ಮಾತನ್ನು ತಮ್ಮ ತನ್ನ ಬಾಯಿಂದಲೇ, ಪಂಚರ ಎದುರಿಗೇ ವಾಪಸು ನುಂಗಬೇಕು.

ಹೊಲ ಅಳೆದದ್ದು ಹಿಂದಿನ ದಿನವೇ ಮುಗಿದಿತ್ತು. ಗೋಪಾಲಪ್ಪ ಬೆಳಗಿನ ಬಸ್ಸು ಇಳಿದು ಬರುವಷ್ಟರಲ್ಲಿ ಎತ್ತುಗಳೂ ಬೇರೆಯಾಗಿದ್ದವು. ಜೋಡಿ ಬಂದದ್ದು ಒಂದೊಂದು, ಇದೂ ಆ ಊರಿನ ಕಟ್ಟಳೆಯೇ. ಜೋಡಿ ಎತ್ತನ್ನಾಗಲಿ ಜೋಡಿ ದೀಪದ ಕಂಬವನ್ನಾಗಲಿ ಒಬ್ಬನಿಗೇ ಕೊಡುವ ಹಾಗಿಲ್ಲ. ಮುಂದೆ ಬೇಕಾದವನು ಇನ್ನೊಬ್ಬನ ಮನೆ ಬಾಗಿಲಿಗೆ ಹೋಗಿ ಕೇಳಬೇಕು, ಆ ನೆವದಲ್ಲಾದರೂ ಅಣ್ಣತಮ್ಮಂದಿರು ಮಾತಾಡಲಿ ಅಂತ ಹಿರಿಯರು ಮಾಡಿದ್ದಂತೆ. ಒಂದು ಎತ್ತು ಕೊಟ್ಟಿಗೆಯಲ್ಲಿತ್ತು, ಇನ್ನೊಂದನ್ನು ಆವಲಪ್ಪನ ಮನೆ ಹಿತ್ತಲಲ್ಲಿ ಕಟ್ಟಿದ್ದರು. ಎರಡೂ ಒಂದನ್ನೊಂದು ಕರೆಯುತ್ತಿದ್ದವು.

ಪಂಚರಲ್ಲಿ ಹಿರಿಯ ಬೈರಣ್ಣ. ವಯಸ್ಸಾದವನು, ಕಣ್ಣು ಮಂಜು, ಬಾಯಿ ಮಾತ್ರ ಚುರುಕು. ಪೆಟ್ಟಿಗೆ ತೆಗೆಸಿ, ಕಾಗದದ ಲಕೋಟೆಯಿಂದ ಒಂದು ಗಾಜನ್ನು ಈಚೆಗೆ ಎಳೆದು ಬಿಸಿಲಿಗೆ ಹಿಡಿದ. ನಡುವೆ ಬೂದಿ ಬಣ್ಣದ ಕಲೆ, ಸುತ್ತ ಕರಿ ಚುಕ್ಕೆಗಳು.

"ಇದೇನಪ್ಪ, ನನ್ನ ಕಣ್ಣಿನ ಪೊರೆ ತೆಗ್ದು ಮಡಗ್ದಂಗೈತೆ."

ಗೋಪಾಲಪ್ಪ ಓಡಿ ಬಂದು, ಮೇಲೆ ಬೆರಳಿಡಬೇಡಿ, ಅಂಚು ಹಿಡಿದುಕೊಳ್ಳಿ ಅಂತ ಅಂಗಲಾಚಿದ. ಇವು ಪಾಲಿಗೆ ಬರುವ ವಸ್ತುವಲ್ಲ, ಪಿತ್ರಾರ್ಜಿತವಲ್ಲ, ನಾನೇ ದುಡಿದು ಮಾಡಿದ್ದು, ಸ್ವಯಾರ್ಜಿತ ಅಂದ. ಸ್ವಯಾರ್ಜಿತ ಆದರೆ ಪಾಲಿನಿಂದ ಹೊರಗೆ, ಅದಕ್ಕೆ ಬೈರಣ್ಣನೂ ತಲೆಯಾಡಿಸಿದ.

"ಅವ್ನು ಹೇಳ್ಬುಟ್ರೆ ಆಗೋಯ್ತಾ?" ಅಂದ ಅಪ್ಪಯ್ಯಣ್ಣ. "ದುಡಿಯೋಕೆ ಕಲ್ತಿದ್ದು ಎಲ್ಲಿ ಅಂತ ಕೇಳಿ. ಯಾವ ಮನೆ ಮುದ್ದೆ ಉಂಡು ಕಲ್ತ ಅಂತ ಕೇಳಿ."

"ಪಂಚರೇ ಅವ್ರಿಗೆ ಹೇಳಿ," ಅಂದ ಗೋಪಾಲಪ್ಪ, "ಇದು ಗಾಜು, ಹೊಲ ಅಲ್ಲ. ಇದರ ಬೆಲೆ ಅವ್ರಿಗೆ ಗೊತ್ತಿಲ್ಲ."

ಅವ್ರು. ಹುಟ್ಟಿದಾಗಿನಿಂದ ನೀನು ತಾನು ಅಂತಿದ್ದ ಬಾಯಲ್ಲಿ ಅದು ಹೊಸ ಮಾತು. ಅಪ್ಪಯ್ಯಣ್ಣನಿಗೆ ಅದು ಬೈಗುಳಕ್ಕಿಂತ ಹೆಚ್ಚು ನಾಟಿತು.

ಅದೇನು ಅಂತ ನಮಗೂ ತಿಳಿಸು, ತಿಳಿದರೆ ತಾನೇ ಯಾವ ಕಡೆಗೆ ಹಾಕೋದು ಅಂತ ಹೇಳೋಕಾಗೋದು ಅಂದ ಬೈರಣ್ಣ. ಗೋಪಾಲಪ್ಪ ಹೇಳತೊಡಗಿದ. ಮೇಷ್ಟರಲ್ಲವೇ, ಶುರು ಮಾಡಿದ ಮೇಲೆ ಜಗಳ ಮರೆತೇಹೋಯಿತು. ಆಕಾಶದಲ್ಲಿ ದೇವಯಾನಿ ಅಂತ ಒಂದು ಗೆಲಾಕ್ಸಿ ಇದೆ. ನಮ್ಮ ಸೂರ್ಯನಂಥ ನಕ್ಷತ್ರಗಳು ಕೋಟಿಕೋಟಿ ಸೇರಿದ ಬೇರೆಯೇ ಒಂದು ಸೀಮೆ. ಸೂರ್ಯನಂಥದ್ದು ಮುದಿಯಾದಾಗ ಉಬ್ಬಿ, ತನ್ನ ಮೈಮೇಲಿನ ಪದರವನ್ನು ಹೊರಗೆ ಊದಿಬಿಡುತ್ತದೆ. ಒಳಗೆ ಉಳಿದ ಕಾದ ಗುಂಡಿನ ಶಾಖಕ್ಕೆ ಆ ಹೊಗೆ ಬೆಳಗುತ್ತದೆ. ಹಿಂದಿನವರಿಗೆ ಅದು ಗ್ರಹದ ಹಾಗೆ ದುಂಡಗೆ ಕಂಡು ಗ್ರಹೀಯ ನೀಹಾರಿಕೆ ಅಂತ ಹೆಸರಿಟ್ಟರು, ಗ್ರಹಕ್ಕೂ ಅದಕ್ಕೂ ಸಂಬಂಧವಿಲ್ಲ. ನಾನು ದೇವಯಾನಿಯಲ್ಲಿ ಹುಡುಕುತ್ತಿರುವುದು ಅವನ್ನೇ.

ಯಾಕೆ ಹುಡುಕಬೇಕು ಅಂತ ಪಂಚರ ಪಕ್ಕ ಕೂತಿದ್ದ ಆವಲಪ್ಪ ನಶ್ಯ ಏರಿಸುತ್ತಾ ಕೇಳಿದ. ಅಷ್ಟು ದೂರದಲ್ಲಿ ಬದುಕಿರುವ ಮಾಮೂಲಿ ನಕ್ಷತ್ರ ಏತರಿಂದ ಆಗಿದೆ ಅಂತ ತಿಳಿಯುವುದಿಲ್ಲ, ಎಲ್ಲ ಬೆರೆತು ಹಿಟ್ಟಾಗಿರುತ್ತದೆ, ಅಂದ ಗೋಪಾಲಪ್ಪ. ಸಾಯುವಂಥದ್ದು ಮಾತ್ರ ತನ್ನ ಬೆಳಕಿನ ಬಹುಪಾಲನ್ನು ಕೆಲವೇ ಬಣ್ಣಗಳಲ್ಲಿ ಸುರಿಯುತ್ತದೆ. ಅದರಲ್ಲಿ ಜೋರಾದದ್ದು ಆಮ್ಲಜನಕದ ಹಸುರು. ಯಾವುದು ಅದು ಅಂತ ಗುರುತು ಸಿಕ್ಕರೆ ಆಮೇಲೆ ಅದರ ಬೆಳಕನ್ನು ಪಟ್ಟಕದಲ್ಲಿ ಬಿಡಿಸಿ, ಆ ನಕ್ಷತ್ರದ ಮೈಯಲ್ಲಿ ಏನೇನು ಎಷ್ಟೆಷ್ಟಿತ್ತು ಅಂತ ಲೆಕ್ಕ ಹಾಕಬಹುದು. ಗೆಲಾಕ್ಸಿಯ ನಡುವೆ ಹುಟ್ಟಿದವಕ್ಕೆ ಆಮ್ಲಜನಕದಂಥದ್ದು ಹೆಚ್ಚು, ಅಂಚಿನಲ್ಲಿ ಹುಟ್ಟಿದವಕ್ಕೆ ಕಡಿಮೆ ಅನ್ನುವ ಅಂದಾಜಿದೆ. ಅದು ನಿಜವೇ ಅಂತ ನೋಡುವುದೇ ನನ್ನ ಕೆಲಸ.

"ಅಲ್ಲೂ ಮೇಲ್ಗಡೆ ಕೇರಿ ಕೆಳಗಡೆ ಕೇರಿ ಐತೆ ಅನ್ನು," ಅಂದ ಆವಲಪ್ಪ. "ಒಳ್ಳೆ ಕೆಲಸ ಹಿಡ್ದಿದ್ಯ ಕಣಪ್ಪ. ಸತ್ತೋರ ಬೂದಿ ಕೆದಕಿ ಕುಲ ಹೇಳೋದು."

ಪಂಚರು ನಕ್ಕರು. ಅಪ್ಪಯ್ಯಣ್ಣ ನಗಲಿಲ್ಲ. ಬದುವಿನ ಬಿಲದ ಬಾಯಲ್ಲಿ ಕೋಲು ಹಿಡಿದು ಕೂತವನ ಹಾಗೆ ಅವನು ಒಂದೊಂದು ಮಾತನ್ನೂ ಕಾಯುತ್ತಿದ್ದ. ಈಗ ಮೆಲ್ಲಗೆ ಕೇಳಿದ.

"ಆ ಹೊಗೇಲಿ ಆಮ್ಲಜನಕ ಅಂದ್ಯಲ್ಲ. ಅದನ್ನ ಆ ನಕ್ಷತ್ರನೇ ಮಾಡ್ಕೊಳ್ತದಾ?"

"ಇಲ್ಲ," ಅಂದ ಗೋಪಾಲಪ್ಪ. ತರಗತಿಯಲ್ಲಿ ಹುಡುಗನೊಬ್ಬ ಒಳ್ಳೆಯ ಪ್ರಶ್ನೆ ಕೇಳಿದಾಗ ಬರುವ ಹುರುಪು ಅವನ ದನಿಯಲ್ಲಿತ್ತು. "ಹುಟ್ಟಿದಾಗ ಎಷ್ಟಿತ್ತೋ ಹೆಚ್ಚೂಕಮ್ಮಿ ಅಷ್ಟೇ. ಅದಕ್ಕಿಂತ ಮುಂಚೆ ಬದುಕಿ ಸತ್ತ ದೊಡ್ಡ ನಕ್ಷತ್ರಗಳು ಬಿಟ್ಟುಹೋಗಿದ್ದು ಅದು. ಯಾವ ಮೋಡದಲ್ಲಿ ಹುಟ್ತೋ ಆ ಮೋಡದ್ದು..."

ಅಲ್ಲಿಗೆ ನಿಂತ. ಎಲ್ಲಿ ಕಾಲಿಟ್ಟೆ ಅಂತ ಅವನಿಗೆ ಗೊತ್ತಾಗಿತ್ತು.

"ಪಂಚರು ಕೇಳುಸ್ಕೊಂಡ್ರಾ?" ಅಂದ ಅಪ್ಪಯ್ಯಣ್ಣ. "ಆಕಾಶದಾಗಿರೋ ಬೆಂಕಿ ಉಂಡೆಗೂ ಹಿಂದಿನೋರ ಋಣ ಐತಂತೆ. ಇವ್ನಿಗಿಲ್ಲ. ಇವ್ನು ತನ್ನ ತಾನೇ ಮಾಡ್ಕೊಂಡೋನು."

"ಪೂರ್ತಿ ಹೇಳೋಕೆ ಬಿಡಿ," ಅಂದ ಗೋಪಾಲಪ್ಪ. ಅವನ ಕಿವಿ ಕೆಂಪಾಗಿತ್ತು. "ಎಲ್ಲಾ ಹಿಂದಿನೋರದೇ ಅಲ್ಲ. ಸಾರಜನಕ, ಇಂಗಾಲ, ಹೀಲಿಯಂ, ಇವನ್ನ ಕೆಲವು ನಕ್ಷತ್ರ ತಮ್ಮ ಒಡಲಲ್ಲೇ ಬೇಯ್ಸಿ ಮೇಲಕ್ಕೆ ತಂದ್ಕೊಳ್ತವೆ. ಅದು ಯಾರಪ್ಪಂದೂ ಅಲ್ಲ."

"ಅಪ್ಪನ ಸುದ್ದಿಗೆ ಬರ್ಬ್ಯಾಡ."

"ಬಂದೋರು ನೀವು."

ಅಪ್ಪಯ್ಯಣ್ಣನ ಹೆಂಡತಿ ಅಂಜಿನಮ್ಮ ಬಾಗಿಲ ಮರೆಯಲ್ಲಿ ಮೊರ ಹಿಡಿದು ನಿಂತಿದ್ದವಳು ಒಳಗೆ ಸರಿದಳು. ಆವಲಪ್ಪ ಬಿಗುವು ಸಡಿಲಿಸಲೆಂದು, ಇಷ್ಟೊಂದು ಗಾಜಿದೆಯಲ್ಲ, ಎಲ್ಲ ಒಂದೇ ಥರ ಕಾಣುತ್ತವಲ್ಲ ಅಂದ. ಗೋಪಾಲಪ್ಪನಿಗೆ ಅದು ದಾರಿಯಾಗಿ ಕಂಡಿರಬೇಕು. ಬಿಡಿಬಿಡಿಯಾಗಿ ಹಂಚುವುದನ್ನು ತಪ್ಪಿಸಬೇಕೆಂಬ ಆತುರದಲ್ಲಿ ಅವನು ಎರಡು ಗಾಜು ಎತ್ತಿ ಹಿಡಿದ. ಒಂದು ಆ ಹಸುರನ್ನು ಮಾತ್ರ ಬಿಡುವ ಸೋಸುಗದಲ್ಲಿ ಹಿಡಿದದ್ದು, ಇನ್ನೊಂದು ಪಕ್ಕದ ಬಣ್ಣದಲ್ಲಿ. ಮಾಮೂಲಿ ನಕ್ಷತ್ರ ಎರಡರಲ್ಲೂ ಇರುತ್ತದೆ. ಒಂದರಲ್ಲಿದ್ದು ಇನ್ನೊಂದರಲ್ಲಿ ಇಲ್ಲವಾದ ಚುಕ್ಕೆಯೇ ನೀಹಾರಿಕೆ.

"ಅದಕ್ಕೇ ಹೇಳ್ತಿರೋದು, ಇವು ಜೋಡಿ. ಬೇರೆ ಮಾಡಿದ್ರೆ ಎರಡೂ ಕೆಲಸಕ್ಕೆ ಬರಲ್ಲ."

ಕೊಟ್ಟಿಗೆಯಲ್ಲಿ ಎತ್ತು ಒಮ್ಮೆ ಕೂಗಿತು, ಆವಲಪ್ಪನ ಹಿತ್ತಲಿಂದ ಇನ್ನೊಂದು ಉತ್ತರ ಕೊಟ್ಟಿತು. ಪಟ್ಟಣದಲ್ಲಿದ್ದು ಊರಿನ ಕಟ್ಟಳೆ ಮರೆತವನಿಗೆ ಆಗ ನೆನಪಾಯಿತು. ಹಿಡಿದ ಕೈ ಹಾಗೇ ಕೆಳಗಿಳಿಯಿತು.

"ಜೋಡಿ ಅಂತ ನೀನೇ ಅಂದ್ಬುಟ್ಟೆ," ಅಂದ ಬೈರಣ್ಣ. ಅವನ ದನಿಯಲ್ಲಿ ಬೇಸರವಿತ್ತು. "ಪಾಲಿಗೆ ಬಂದ್ರೆ ಒಂದೊಂದು. ಬರ್ಬಾರ್ದು ಅಂದ್ರೆ ಒಂದೇ ದಾರಿ. ಹೊಸ್ತಿಲು ಮುಟ್ಟಿ ಹೇಳು. ಇದ್ರಾಗೆ ಈ ಮನೇದು ಏನೂ ಇಲ್ಲ ಅಂತ. ಹೇಳಿ ಅಷ್ಟೂ ಎತ್ಕೊಂಡೋಗು, ನಾವು ಕೇಳಾಕಿಲ್ಲ."

ಅಪ್ಪಯ್ಯಣ್ಣನಿಗೆ ಇದಕ್ಕಿಂತ ಚೆನ್ನಾದ ತೀರ್ಪು ಬೇಕಿರಲಿಲ್ಲ. ಹೇಳಿದರೆ, ಈಗ ತಾನೆ ಹೇಳಿದ ಶಾಸ್ತ್ರವನ್ನೇ ನುಂಗಿ ಹೊಸ್ತಿಲ ಮೇಲೆ ಸುಳ್ಳು ಹೇಳಿದ ಅಂತ ಊರೆಲ್ಲ ಆಡಿಕೊಳ್ಳುತ್ತದೆ. ಹೇಳದಿದ್ದರೆ ಛತ್ರದ ಮಾತು ಬಿದ್ದುಹೋಗುತ್ತದೆ. ಹೇಗೆ ತಿರುಗಿದರೂ ತನ್ನದೇ ಗೆಲುವು. ಅವನು ಪಕ್ಕಕ್ಕೆ ಸರಿದು ದಾರಿ ಬಿಟ್ಟ.

ಗೋಪಾಲಪ್ಪ ಹೊಸ್ತಿಲ ಹತ್ತಿರ ಹೋದ. ಅಂಜಿನಮ್ಮ ಬೆಳಿಗ್ಗೆ ಅರಿಸಿನ ಬಳಿದು ರಂಗೋಲಿ ಎಳೆ ಎಳೆದಿದ್ದಳು. ಅಪ್ಪನ ಹೆಣವನ್ನು ಆಚೆಗೆ ತಂದಾಗ ಅದೇ ಹೊಸ್ತಿಲ ಮೇಲೆ ಕೂತು ಅತ್ತವನು ಅವನು. ಬಗ್ಗಿದ. ಕೈ ಮರಕ್ಕೆ ತಾಗಲು ಒಂದು ಗೇಣು ಇರುವಾಗ ಅಪ್ಪಯ್ಯಣ್ಣ ಒಂದು ಹೆಜ್ಜೆ ಮುಂದೆ ಬಂದ. ಇವನು ಹೇಳಿಯೇಬಿಡುತ್ತಾನೆ, ಆಮೇಲೆ ತನಗೆ ಏನು ಉಳಿಯಿತು ಅಂತ ಅವನಿಗೆ ಆಗ ಮೊದಲ ಸಲ ಹೊಳೆಯಿತು.

ಗೋಪಾಲಪ್ಪ ಕೈ ಹಿಂದಕ್ಕೆ ಎಳೆದುಕೊಂಡು ನೆಟ್ಟಗೆ ನಿಂತ. ಪಂಚರ ಕಡೆ ನೋಡಲಿಲ್ಲ. ಅಣ್ಣನನ್ನೇ ನೋಡಿದ.

"ಈ ಮನೆ ರಾಗಿ ತಿಂದಿದೀನಿ. ನೀವು ಹೊತ್ತು ತಂದಿದ್ದೇ ತಿಂದಿದೀನಿ. ಅದಿಲ್ದೆ ಈ ಗಾಜಿಲ್ಲ. ಸಾಕಾ? ಬೇಯ್ಸಿದ್ದು ಮಾತ್ರ ನಾನು. ಅದನ್ನ ಇನ್ನೊಂದ್ಸಲ ಬೇಕಾದ್ರೂ ಬೇಯಿಸ್ತೀನಿ. ಪಾಲು ಮಾಡಿ."

ಬಯಸಿದ್ದು ಬಾಯಿಗೇ ಬಂದಿತ್ತು. ಅಪ್ಪಯ್ಯಣ್ಣ ಅದನ್ನು ಅಗಿದು ನೋಡಿದ, ರುಚಿ ಹತ್ತಲಿಲ್ಲ. ಹೇಳಿದ ರೀತಿ ಭಿಕ್ಷೆ ಬಿಸಾಕಿದ ಹಾಗಿತ್ತು. ಇಷ್ಟಕ್ಕೇ ಬಿಟ್ಟುಬಿಡು, ಗಾಜು ಅವನಿಗೇ ಇರಲಿ ಅಂತ ಆವಲಪ್ಪ ಕಿವಿಯ ಹತ್ತಿರ ಪಿಸುಗುಟ್ಟಿದ. ಒಂದು ಗಳಿಗೆ ಬಿಡೋಣ ಅನಿಸಿತು ಕೂಡ. ಆದರೆ "ಸಾಕಾ" ಅಂದ ಆ ದನಿ ಇನ್ನೂ ಅಂಗಳದಲ್ಲೇ ನಿಂತಿತ್ತು.

"ಕಟ್ಟಳೆ ಕಟ್ಟಳೆನೇ," ಅಂದ.

ಹಿರಿಯನು ಪಾಲು ಹಾಕಬೇಕು, ಕಿರಿಯನು ಮೊದಲು ಆರಿಸಿಕೊಳ್ಳಬೇಕು. ಅಪ್ಪಯ್ಯಣ್ಣ ಚಾಪೆ ಹಾಸಿ ಕೂತ. ಯಾವುದು ಯಾವ ಬಣ್ಣದ್ದು ಅಂತ ಅವನಿಗೆ ತಿಳಿಯುವ ಹಾಗಿರಲಿಲ್ಲ, ಗೋಪಾಲಪ್ಪನೇ ಲಕೋಟೆಯ ಮೇಲಿನ ಗುರುತು ನೋಡಿ ಹಸುರು, ಪಕ್ಕದ್ದು, ಹಸುರು, ಪಕ್ಕದ್ದು ಅಂತ ಒಂದೊಂದನ್ನೇ ಕೈಗೆ ಕೊಟ್ಟ. ಇವನು ಎಡಕ್ಕೆ ಬಲಕ್ಕೆ ಇಡುತ್ತಾ ಹೋದ. ಬಿಸಿಲು ಏರಿತು. ಇಬ್ಬರೂ ಒಂದು ಕೆಲಸಕ್ಕೆ ಹೀಗೆ ಎದುರುಬದುರು ಕೂತು ಎಷ್ಟೋ ವರ್ಷವಾಗಿತ್ತು. ಚಿಕ್ಕಂದಿನಲ್ಲಿ ಅವರೆಕಾಯಿ ಸುಲಿಯಲು ಹೀಗೇ ಕೂರುತ್ತಿದ್ದರು. ಈಗ ಬೆರಳಿಗೆ ಬೆರಳು ತಾಗದ ಹಾಗೆ ಇಬ್ಬರೂ ಜಾಗರೂಕರಾಗಿದ್ದರು. ಅಪ್ಪಯ್ಯಣ್ಣ ಪ್ರತಿಯೊಂದನ್ನೂ ಅಂಚು ಹಿಡಿದೇ ಇಟ್ಟ. ಮುರಿದರೆ ಬೇಕಂತಲೇ ಮುರಿದ ಅಂದಾರು ಅಂತ ಮನಸ್ಸಿನಲ್ಲೇ ಸಬೂಬು ಹೇಳಿಕೊಂಡ.

ಗೋಪಾಲಪ್ಪ ಹಸುರಿನ ರಾಶಿ ಆರಿಸಿಕೊಂಡ. ಪೆಟ್ಟಿಗೆಗೆ ತುಂಬಿ, ಎದ್ದು ಪಂಚೆ ಕೊಡವಿಕೊಂಡ.

"ಒಂದು ಮಾತು ತಿಳ್ಕೊಂಡಿರಿ. ನನ್ನ ಪಾಲಲ್ಲಿ ಆ ನೀಹಾರಿಕೆ ಇದೆ, ನಿಮ್ಮ ಪಾಲಲ್ಲಿ ಇಲ್ಲ. ಆದ್ರೆ ನಿಮ್ಮದನ್ನ ಪಕ್ಕದಲ್ಲಿಟ್ಟು ನೋಡದೆ, ಯಾವುದು ಅದು ಅಂತ ನನಗೂ ತಿಳಿಯಲ್ಲ."

"ಬೇಕಾದ್ರೆ ಬಂದು ಕೇಳು. ಬಾಗ್ಲು ತೆಗ್ದೇ ಇರ್ತದೆ."

"ಕೇಳಲ್ಲ," ಅಂದ ಗೋಪಾಲಪ್ಪ. ಅತ್ತಿಗೆ ಇಟ್ಟಿದ್ದ ಮಜ್ಜಿಗೆಯನ್ನು ಮುಟ್ಟದೆ ಪೆಟ್ಟಿಗೆ ಹೆಗಲಿಗೇರಿಸಿಕೊಂಡು ಬಸ್ಸಿನ ರಸ್ತೆಗೆ ಹೊರಟ.

ತನ್ನ ಪಾಲಿನ ಎತ್ತನ್ನು ಅವನು ಮಾರಲೂ ಇಲ್ಲ, ಆವಲಪ್ಪನ ಹಿತ್ತಲಲ್ಲೇ ಬಿಟ್ಟುಹೋದ. ಮುಂಗಾರು ಬಿದ್ದು ಉಳುವ ಕಾಲ ಬಂದಾಗ ಅಪ್ಪಯ್ಯಣ್ಣನಿಗೆ ಅದು ಬೇಕಾಯಿತು. ತಮ್ಮನಿಗೆ ಹೇಳಿಕಳಿಸು, ಇಲ್ಲ ಅನ್ನುವುದಿಲ್ಲ ಅಂತ ಆವಲಪ್ಪ ಅಂದ. ಅಪ್ಪಯ್ಯಣ್ಣ ಕೇಳಲಿಲ್ಲ. ಇನ್ನೊಬ್ಬರ ಕುಳ್ಳ ಎತ್ತನ್ನು ಬೇಡಿ ತಂದು ತನ್ನ ಎತ್ತಿಗೆ ಕಟ್ಟಿದ. ನೊಗ ಒಂದು ಕಡೆಗೆ ವಾಲಿ, ಸಾಲು ಸೊಟ್ಟಗಾಯಿತು. ದಾರಿಯಲ್ಲಿ ಹೋಗುವವರು ನಿಂತು ನೋಡಿದರೆ ಎತ್ತಿಗೆ ಬಾರಿಸಿದ.

ಕೊಟ್ಟಿಗೆಯ ಮಾಡಿನಲ್ಲಿ ಒಂದು ಹೆಂಚು ಒಡೆದಿತ್ತು. ಅಂಜಿನಮ್ಮ ಅಲ್ಲಿ ಬೆಳಕಿಗೆ ಒಂದು ಗಾಜಿಡಬಾರದೇ, ಒಳಗೆ ರಾಶಿ ಬಿದ್ದಿದೆಯಲ್ಲ ಅಂದಳು. ಇಟ್ಟ. ಹಗಲೆಲ್ಲ ಒಂದು ಬೆಳಕಿನ ಚೌಕ ಒಂಟಿ ಎತ್ತಿನ ಬೆನ್ನ ಮೇಲೆ ಹರಿದಾಡುತ್ತಿತ್ತು, ಅದರ ನಡುವೆ ಬೂದಿ ಬಣ್ಣದ ಒಂದು ಮಸುಕು. ಹುಲ್ಲು ಹಾಕಲು ಹೋದಾಗ ಅಪ್ಪಯ್ಯಣ್ಣ ತಲೆಯೆತ್ತಿ ಆ ಚುಕ್ಕೆಗಳನ್ನು ನೋಡುತ್ತಿದ್ದ. ಯಾವ ಎರಡು ಚುಕ್ಕೆಯ ನಡುವಿನ ಜಾಗ ಖಾಲಿ ಇರಬಾರದಾಗಿತ್ತು? ಅದನ್ನು ಹೇಳುವ ಗಾಜು ಬೆಂಗಳೂರಿನಲ್ಲಿತ್ತು.

ಶ್ರಾವಣದಲ್ಲಿ ಆವಲಪ್ಪ ಬೆಂಗಳೂರಿಗೆ ಹೋಗಿಬಂದು ಸುದ್ದಿ ತಂದ. ಗೋಪಾಲಪ್ಪ ಎಲ್ಲವನ್ನೂ ಮೊದಲಿನಿಂದ ಹಿಡಿಯಬೇಕಂತೆ. ದೇವಯಾನಿ ಕಾಣುವ ತಿಂಗಳಲ್ಲೇ ಆ ಬೆಟ್ಟಕ್ಕೆ ಮೋಡವಂತೆ, ದೂರದರ್ಶಕಕ್ಕೆ ಸರದಿಯಂತೆ, ಪದವಿ ವರ್ಷಗಟ್ಟಲೆ ಹಿಂದಕ್ಕೆ ಹೋಯಿತಂತೆ. ಮನುಷ್ಯ ಇಳಿದುಹೋಗಿದ್ದಾನೆ, ನಾಳೆ ಬಸ್ಸಿಗೆ ಅವನ್ನು ಹೊತ್ತು ಹೋಗಿ ಕೊಟ್ಟು ಬಾ ಅಂದ.

"ಹಾಸ್ಟೆಲ್ಗೆ ಹೊತ್ತಿದ್ದು ಸಾಲ್ದಾ?" ಅಂದ ಅಪ್ಪಯ್ಯಣ್ಣ. "ಬಂದು ಕೇಳ್ಲಿ."

ಗೌರಿ ಹಬ್ಬದ ಹಿಂದಿನ ದಿನ ಅವನು ಹೊಲದಿಂದ ಬಂದಾಗ ಅಂಜಿನಮ್ಮ ಕೊಟ್ಟಿಗೆಯಲ್ಲಿ ಏಣಿ ಹತ್ತಿ ಗಾಜು ಇಳಿಸಿಕೊಂಡಿದ್ದಳು. ಹಬ್ಬಕ್ಕೆ ಎಲ್ಲವನ್ನೂ ಬೆಳಗುತ್ತಿದ್ದವಳು ಇದನ್ನೂ ತೊಡೆಯ ಮೇಲಿಟ್ಟುಕೊಂಡು, ತೆಂಗಿನ ನಾರಿಗೆ ಬೂದಿ ಹುಣಸೆಹಣ್ಣು ಹಚ್ಚಿ ಉಜ್ಜಲು ಕೈ ಎತ್ತಿದ್ದಳು.

"ಮುಟ್ಬ್ಯಾಡ ಅದ್ನ."

ಅವಳು ಬೆಚ್ಚಿದಳು. "ಕರಿ ಹಿಡ್ದೈತೆ, ಉಜ್ಜಿದ್ರೆ ಬೆಳಕಾದ್ರೂ ಚೆಂದಾಗಿ ಬಿದ್ದಾತು. ಇದ್ರಾಗೆ ಏನೂ ಇಲ್ಲ ಅಂತ ನಿನ್ನ ತಮ್ಮನೇ ಹೇಳ್ಲಿಲ್ವಾ?"

"ಆ ಇಲ್ದೇ ಇರೋದೇ ಅವ್ನಿಗೆ ಬೇಕಿರೋದು. ಉಜ್ಜಿದ್ರೆ ಅದೂ ಹೋಯ್ತದೆ."

ಗಾಜನ್ನು ಅಂಚು ಹಿಡಿದು ಈಸಿಕೊಂಡ. ಮೇಲುಹೊದಿಕೆಯ ತುದಿಯಿಂದ ಮಳೆ ಬಿದ್ದ ಬೆನ್ನನ್ನು ಮಾತ್ರ ಒರೆಸಿದ, ಚುಕ್ಕೆಗಳಿದ್ದ ಮುಖಕ್ಕೆ ಬಟ್ಟೆ ತಾಗಿಸಲಿಲ್ಲ. ಕಣಜದ ಕೋಣೆಗೆ ಒಯ್ದು, ಅದರದೇ ಲಕೋಟೆ ಹುಡುಕಿ ಒಳಗಿಟ್ಟು, ಉಳಿದವುಗಳ ಜೊತೆ ಗೋಡೆಗೆ ಒರಗಿಸಿ, ಇಲಿ ಬರದ ಹಾಗೆ ಹಲಗೆ ಮುಚ್ಚಿದ. ಬಾಗಿಲಿಗೆ ಬೀಗ ಹಾಕಿ ಕೀಲಿಯನ್ನು ಉಡಿದಾರಕ್ಕೆ ಕಟ್ಟಿಕೊಂಡ.

"ಹಂಗಾದ್ರೆ ಕೊಟ್ಬುಡು," ಅಂದಳು ಅಂಜಿನಮ್ಮ ಹಿಂದೆಯೇ ಬಂದು. "ಹಬ್ಬಕ್ಕೆ ಕರಿ. ಬಂದ್ರೆ ಕೈಗಿಕ್ಕಿ ಕಳ್ಸು."

"ಕರಿಯಾಕಿಲ್ಲ. ಅವ್ನಾಗೇ ಬರ್ಲಿ, ಈ ಬಾಗ್ಲಾಗೆ ನಿಂತು ಅಣ್ಣಾ ಕೊಡು ಅನ್ಲಿ. ಕೊಡಿ ಅಲ್ಲ. ಕೊಡು."

"ಅಂದ್ರೆ ಕೊಡ್ತೀಯಾ?"

ಅಪ್ಪಯ್ಯಣ್ಣ ಕೊಟ್ಟಿಗೆಗೆ ಹೋಗಿ, ಗಾಜಿದ್ದ ಕಿಂಡಿಗೆ ಒಂದು ಗೋಣಿತಾಟು ತುರುಕಿದ. ಎತ್ತಿನ ಬೆನ್ನ ಮೇಲಿದ್ದ ಬೆಳಕು ಹೋಯಿತು. ಕತ್ತಲಲ್ಲಿ ಅದು ಒಮ್ಮೆ ಕೂಗಿತು. ಆವಲಪ್ಪನ ಹಿತ್ತಲಿನದು ಕೂಗಿಗೆ ಕೂಗು ಕೊಡುವುದನ್ನು ಬಿಟ್ಟು ಬಹಳ ದಿನವಾಗಿತ್ತು.